ಪ್ಯಾಂಕ್ರಿಯಾಟೈಟಿಸ್ ಆದಮೇಲಿನ ಶುಗರ್: ತಕ್ಕಡಿ ಮೊದಲು, ಗ್ಲೂಕೋಮೀಟರ್ ಆಮೇಲೆ

ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ಗೆ ಹಠಾತ್ತನೆ ಬರುವ ಉರಿಯೂತ) ಆಗಿ ಆಸ್ಪತ್ರೆಯಿಂದ ಮನೆಗೆ ಹೋಗುವವರ ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ. ಕುಡಿಯಬೇಡಿ, ಜಿಡ್ಡು ತಿನ್ನಬೇಡಿ, ಹೊಟ್ಟೆನೋವು ಬಂದರೆ ತಕ್ಷಣ ಬನ್ನಿ. ಆದರೆ ಆ ಕಾರ್ಡ್ ಹಿಡಿದುಕೊಂಡು ಆರೆಂಟು ತಿಂಗಳ ಮೇಲೆ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಹೊಟ್ಟೆನೋವೇ ಇರುವುದಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಬಾಯಾರಿಕೆ, ರಾತ್ರಿ ಮೂತ್ರಕ್ಕೆ ಏಳುವುದು, ತಿಂದದ್ದು ಮೈಗೆ ಹತ್ತುತ್ತಿಲ್ಲ ಅನ್ನುವ ದೂರು. ನೋವಿಲ್ಲವಲ್ಲ, ವಾಸಿಯಾಯಿತು ಎಂದುಕೊಂಡು ಅಷ್ಟು ದಿನ ಸುಮ್ಮನಿರುತ್ತಾರೆ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಫಿಸಿಷಿಯನ್. ಸ್ಥಿತಿ ಗಂಭೀರ ಇದ್ದವರನ್ನು ದಾವಣಗೆರೆಗೋ ಬೆಂಗಳೂರಿಗೋ ಕಳಿಸುತ್ತೇನೆ. ಐಸಿಯು, ಸಿ.ಟಿ. ಸ್ಕ್ಯಾನ್, ಕೊಳೆತ ಭಾಗದ ಕೀವು ತೆಗೆಯುವುದು ಎಲ್ಲ ಅಲ್ಲಿ. ಊರಿಗೆ ಮರಳಿದ ಮೇಲೆ ಅವರ ಹೊಣೆ ನನ್ನದು. ಈ ಎರಡನೇ ಭಾಗವನ್ನು ನಾನು ಹೇಗೆ ನಿಭಾಯಿಸುತ್ತೇನೆ ಎಂಬುದಷ್ಟೇ ಇಲ್ಲಿದೆ. ಓದಿ ಯಾರೂ ತಾವೇ ಔಷಧ ಬದಲಿಸಿಕೊಳ್ಳಬೇಡಿ. ನಿಮ್ಮ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಸಿಕ್ಕರೆ ಸಾಕು.

ಮೇದೋಜೀರಕ ಗ್ರಂಥಿಗೆ ಎರಡು ಕೆಲಸ. ಊಟದಲ್ಲಿನ ಕೊಬ್ಬು, ಪ್ರೋಟೀನು, ಪಿಷ್ಟಗಳನ್ನು ಒಡೆಯುವ ಕಿಣ್ವಗಳನ್ನು ಕರುಳಿಗೆ ಬಿಡುವುದು ಒಂದು. ಇನ್ಸುಲಿನ್, ಗ್ಲೂಕಗಾನ್ ಮುಂತಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಇನ್ನೊಂದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೊವ್‌ಸ್ಕಿ ಎಂಬ ಇಬ್ಬರು ವೈದ್ಯರು ನಾಯಿಯೊಂದರ ಪ್ಯಾಂಕ್ರಿಯಾಸ್ ತೆಗೆದರು, ನಾಯಿಗೆ ಸಕ್ಕರೆ ಕಾಯಿಲೆ ಬಂತು. ಅವರಿಬ್ಬರ ನಡುವೆ ಮೊದಲು ಎದ್ದಿದ್ದ ಚರ್ಚೆ ಕೊಬ್ಬು ಹೇಗೆ ಜೀರ್ಣವಾಗುತ್ತದೆ ಎಂಬುದರದ್ದು. ಕೊಬ್ಬು ಹುಡುಕಲು ಹೋದವರಿಗೆ ಸಕ್ಕರೆ ಸಿಕ್ಕಿತು. ನಮ್ಮ ಒಪಿಡಿಗಳಲ್ಲಿ ಈಗ ಇದು ತಿರುಗುಮುರುಗು: ಸಕ್ಕರೆ ನೋಡುತ್ತೇವೆ, ಕೊಬ್ಬನ್ನು ಯಾರೂ ಕೇಳುವುದಿಲ್ಲ.

ಎಷ್ಟು ಜನಕ್ಕೆ ಹೀಗಾಗುತ್ತದೆ? 2014ರಲ್ಲಿ ‘ಗಟ್’ ಪತ್ರಿಕೆಯಲ್ಲಿ 24 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಮೊದಲ ಸಲ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಆದವರಲ್ಲಿ ನೂರಕ್ಕೆ 23 ಜನಕ್ಕೆ ಹೊಸದಾಗಿ ಡಯಾಬಿಟಿಸ್ ಕಂಡಿತ್ತು. ಒಂದು ವರ್ಷದೊಳಗೇ ನೂರಕ್ಕೆ 15. ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು: ರೋಗ ಎಷ್ಟು ತೀವ್ರವಾಗಿತ್ತು ಎಂಬುದಕ್ಕೂ ಶುಗರ್ ಬರುವುದಕ್ಕೂ ಅಂಥ ದೊಡ್ಡ ಸಂಬಂಧ ಅಲ್ಲಿ ಕಾಣಲಿಲ್ಲ. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋದವರನ್ನೂ ಹಾಗೇ ಬಿಡುವಂತಿಲ್ಲ ಎಂದಾಯಿತು. ಕಿಣ್ವದ ಕೊರತೆಯ ಲೆಕ್ಕವೂ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬರುತ್ತದೆ. ಅದು ಮಾತ್ರ ಗ್ರಂಥಿ ಹೆಚ್ಚು ಸತ್ತವರಲ್ಲಿ, ಕುಡಿತದಿಂದ ಕಾಯಿಲೆ ಬಂದವರಲ್ಲಿ ಜಾಸ್ತಿ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2024ರ ಮಾರ್ಗಸೂಚಿಯಲ್ಲಿ, ಪ್ಯಾಂಕ್ರಿಯಾಟೈಟಿಸ್ ಆದ ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶುಗರ್ ಪರೀಕ್ಷಿಸಿ ಎಂದು ಹೇಳಿದೆ. ನಾನು ಇದನ್ನು ಡಿಸ್ಚಾರ್ಜ್ ಕಾರ್ಡಿನ ಮೇಲೆ ಕನ್ನಡದಲ್ಲಿ, ತಿಂಗಳ ಹೆಸರು ಹಾಕಿ ಬರೆಯುತ್ತೇನೆ. ‘ಮೂರು ತಿಂಗಳ ನಂತರ’ ಎಂದರೆ ಬರುವುದಿಲ್ಲ, ‘ದಸರಾ ಆದ ವಾರ’ ಎಂದರೆ ಬರುತ್ತಾರೆ.

ಇದಕ್ಕೂ ಮೊದಲಿನ ಒಂದು ಕೆಲಸ ಇದೆ. ನೋವಿನಿಂದ ಒದ್ದಾಡುತ್ತಾ ಬಂದವನ ಶುಗರ್ 280 ಇದ್ದರೆ ಅದು ದೇಹದ ಮೇಲಿನ ಒತ್ತಡಕ್ಕೆ ಏರಿದ್ದಿರಬಹುದು, ಮೊದಲಿಂದ ಯಾರಿಗೂ ಗೊತ್ತಿಲ್ಲದೆ ಇದ್ದ ಡಯಾಬಿಟಿಸ್ ಇರಬಹುದು. ದಾಖಲಾದ ದಿನವೇ ಎಚ್‌ಬಿಎ1ಸಿ ತೆಗೆದಿಟ್ಟರೆ ಈ ಗೊಂದಲ ಅಲ್ಲೇ ಮುಗಿಯುತ್ತದೆ, ಏಕೆಂದರೆ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದೇ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶವನ್ನೂ ನೋಡುತ್ತೇನೆ. ಅದು 1000 ದಾಟಿದ್ದರೆ ಪ್ಯಾಂಕ್ರಿಯಾಟೈಟಿಸ್‌ಗೆ ಅದೇ ಕಾರಣ ಆಗಿರಬಹುದು, ಮತ್ತು ಎರಡು ದಿನ ಉಪವಾಸದಲ್ಲಿ ಅದು ಇಳಿದುಹೋದರೆ ಸುಳಿವೇ ಉಳಿಯುವುದಿಲ್ಲ.

ಇನ್ನು ಒಪಿಡಿಯ ವಿಷಯ. ಮೊದಲ ಕೆಲಸ ತಕ್ಕಡಿ ಹತ್ತಿಸುವುದು. ಚಪ್ಪಲಿ ಬಿಡಿಸಿ, ಜೇಬಿನ ಮೊಬೈಲು ತೆಗೆಸಿ. ಕಾಯಿಲೆಗೆ ಮುಂಚೆ ಎಷ್ಟಿದ್ದಿರಿ ಎಂದರೆ ಯಾರಿಗೂ ನೆನಪಿರುವುದಿಲ್ಲ. ಮೊಬೈಲಿನಲ್ಲಿ ಹೋದ ವರ್ಷದ ಮದುವೆ ಫೋಟೋ ತೋರಿಸಿ ಎನ್ನುತ್ತೇನೆ. ಅದರಲ್ಲಿನ ಕೆನ್ನೆಗೂ ಎದುರಿಗೆ ಕೂತ ಕೆನ್ನೆಗೂ ಇರುವ ವ್ಯತ್ಯಾಸ ಎಷ್ಟೋ ಸಲ ಲ್ಯಾಬ್ ರಿಪೋರ್ಟಿಗಿಂತ ಮೊದಲೇ ವಿಷಯ ಹೇಳಿಬಿಡುತ್ತದೆ.

ಆಮೇಲೆ ಮಲದ ವಿಚಾರ. ‘ಮೋಷನ್ ಸರಿ ಆಗ್ತಿದೆಯಾ’ ಎಂದು ಕೇಳಿದರೆ ಎಲ್ಲರೂ ‘ಆಗ್ತದೆ ಸಾರ್’ ಎನ್ನುತ್ತಾರೆ. ಈ ಪ್ರಶ್ನೆಯಿಂದ ಏನೂ ಹೊರಡುವುದಿಲ್ಲ. ನಾನು ಕೇಳುವುದು ಬೇರೆ. ಒಂದು ಚೊಂಬು ನೀರಿಗೆ ಹೋಗುತ್ತದಾ, ಎರಡು ಮೂರು ಸಲ ಸುರಿಯಬೇಕಾ? ನೀರಿನ ಮೇಲೆ ತೇಲುತ್ತದಾ, ಎಣ್ಣೆ ಕಟ್ಟಿದ ಹಾಗೆ ಹೊಳೆಯುತ್ತದಾ? ಬಣ್ಣ ಬಿಳಿಚಿಕೊಂಡಿದೆಯಾ? ನೀವು ಬಂದ ಮೇಲೆ ಮನೆಯವರು ಬಚ್ಚಲಿಗೆ ಹೋಗಲು ಹಿಂದೆಮುಂದೆ ನೋಡುತ್ತಾರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರುವುದು ಹೆಂಡತಿಯಿಂದ. ಒಮ್ಮೆ ಒಬ್ಬಾಕೆ ಸೆರಗು ಮೂಗಿಗೆ ಹಿಡಿದುಕೊಂಡೇ ತೋರಿಸಿದರು: “ಫಿನಾಯಿಲ್ ಎರಡು ಬಾಟ್ಲಿ ಖಾಲಿ ಆಗ್ತೈತೆ ಸಾ ತಿಂಗಳಿಗೆ.” ಆತನ ಶುಗರ್ ಫೈಲು ದಪ್ಪವಾಗಿತ್ತು. ಮಲದ ಬಗ್ಗೆ ಅದರಲ್ಲಿ ಒಂದು ಗೆರೆ ಇರಲಿಲ್ಲ.

ಎಲ್ಲರ ಮಲವೂ ತೇಲುವುದಿಲ್ಲ ಎಂಬುದನ್ನೂ ಹೇಳಬೇಕು. ಹೆದರಿ ಎಣ್ಣೆ, ತುಪ್ಪ, ಶೇಂಗಾ ಎಲ್ಲ ಬಿಟ್ಟು ಬರೀ ಗಂಜಿ ಕುಡಿಯುವವರಿಗೆ ತೇಲುವಷ್ಟು ಕೊಬ್ಬು ಹೊಟ್ಟೆಗೆ ಹೋಗಿಯೇ ಇರುವುದಿಲ್ಲ. ಅವರಲ್ಲಿ ಕಾಣುವುದು ತೂಕ ಇಳಿತ, ಹೊಟ್ಟೆ ಉಬ್ಬರ, ಸುಸ್ತು ಇಷ್ಟೇ.

ಅನುಮಾನ ಬಂದಾಗ ಮಲದಲ್ಲಿ ಎಲಾಸ್ಟೇಸ್ ಎಂಬ ಕಿಣ್ವದ ಪರೀಕ್ಷೆ ಮಾಡಿಸುತ್ತೇನೆ. ಸ್ಯಾಂಪಲ್ ನಮ್ಮೂರಿನ ಲ್ಯಾಬಿನಿಂದ ಬೆಂಗಳೂರಿಗೆ ಹೋಗಬೇಕು, ರಿಪೋರ್ಟಿಗೆ ಕಾಯಬೇಕು. ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 100ಕ್ಕಿಂತ ಕೆಳಗಿದ್ದರೆ ಗಟ್ಟಿ ಕೊರತೆ. ನೀರಿನಂಥ ಭೇದಿಯ ಸ್ಯಾಂಪಲ್ ಕಳಿಸಿದರೆ ಅದು ತೆಳ್ಳಗಾಗಿ ಸುಳ್ಳೇ ಕಡಿಮೆ ತೋರಿಸುತ್ತದೆ, ಹಾಗಾಗಿ ಮಲ ಸ್ವಲ್ಪ ಗಟ್ಟಿಯಾದ ದಿನ ಕೊಡಿ ಎನ್ನುತ್ತೇನೆ. ಕಿಣ್ವದ ಕ್ಯಾಪ್ಸೂಲ್ ಆಗಲೇ ಶುರುವಾಗಿದ್ದರೂ ಅದನ್ನು ನಿಲ್ಲಿಸಬೇಕಿಲ್ಲ. ಪರೀಕ್ಷೆ ಹಿಡಿಯುವುದು ಮನುಷ್ಯರ ಎಲಾಸ್ಟೇಸನ್ನು, ಕ್ಯಾಪ್ಸೂಲಿನದ್ದು ಹಂದಿಯದ್ದು. ದುಡ್ಡಿಲ್ಲದವರಿಗೆ, ಲಕ್ಷಣ ಸ್ಪಷ್ಟವಾಗಿದ್ದರೆ, ಪರೀಕ್ಷೆ ಬಿಟ್ಟು ನೇರವಾಗಿ ಔಷಧ ಕೊಟ್ಟು ತೂಕ ನೋಡುತ್ತೇನೆ.

ಹಂದಿಯ ಮಾತು ಬಂತಲ್ಲ, ಅದನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ತಯಾರಾಗುವುದು ಹಂದಿಯ ಮೇದೋಜೀರಕದಿಂದ. ನನ್ನಲ್ಲಿಗೆ ಬರುವವರಲ್ಲಿ ಲಿಂಗವಂತರು ಇದ್ದಾರೆ, ಮುಸ್ಲಿಮರು ಇದ್ದಾರೆ, ಮೊಟ್ಟೆಯನ್ನೂ ಮುಟ್ಟದ ಅಜ್ಜಿಯರು ಇದ್ದಾರೆ. ಮೊದಲೇ ಹೇಳುತ್ತೇನೆ, ಯೋಚಿಸಿ ಬನ್ನಿ ಎನ್ನುತ್ತೇನೆ. ಒಬ್ಬ ಸಾಹೇಬರು ತಮ್ಮ ಮಸೀದಿಯ ಗುರುಗಳನ್ನು ಕೇಳಿಕೊಂಡು ಬಂದು, ಔಷಧಿ ಅಂತ ಆದ್ರೆ ತಗೋಬಹುದಂತೆ, ಬರೀರಿ ಎಂದರು. ಇನ್ನೊಬ್ಬರು ಬೇಡವೇ ಬೇಡ ಎಂದರು. ಅವರಿಗೆ ಸಣ್ಣ ಸಣ್ಣ ಊಟ, ವಿಟಮಿನ್, ತಿಂಗಳಿಗೊಮ್ಮೆ ತೂಕ ಎಂದು ನಡೆಸುತ್ತಿದ್ದೇನೆ. ಮೆಡಿಕಲ್ ಶಾಪಿನಲ್ಲಿ ‘ಎಂಜೈಮ್ ಸಿರಪ್’ ಎಂದು ಕೊಡುವ ಸಿಹಿ ಟಾನಿಕ್ ಇದಕ್ಕೆ ಬದಲಿಯಲ್ಲ. ಅದರಲ್ಲಿರುವುದು ಪಿಷ್ಟ ಕರಗಿಸುವ ಡಯಾಸ್ಟೇಸ್, ಪ್ರೋಟೀನ್ ಒಡೆಯುವ ಪೆಪ್ಸಿನ್ ಇಂಥವು. ಇಲ್ಲಿ ಮುಖ್ಯವಾಗಿ ಬೇಕಿರುವುದು ಕೊಬ್ಬು ಒಡೆಯುವ ಲೈಪೇಸ್.

ಪ್ರಮಾಣದಲ್ಲಿ ಜಿಪುಣತನ ನಡೆಯುವುದಿಲ್ಲ. ದೊಡ್ಡ ಊಟಕ್ಕೆ 40,000ದಿಂದ 50,000 ಲೈಪೇಸ್ ಯೂನಿಟ್, ತಿಂಡಿಗೆ ಅದರ ಅರ್ಧ. ಎಷ್ಟೋ ಜನ 10,000ದ ಒಂದು ಕ್ಯಾಪ್ಸೂಲನ್ನು ಊಟವಾಗಿ ಅರ್ಧ ಗಂಟೆಗೆ ನುಂಗಿ ‘ಏನೂ ಪ್ರಯೋಜನ ಇಲ್ಲ’ ಎನ್ನುತ್ತಾರೆ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು ಎಂದು ನಾನು ಒಪಿಡಿಯಲ್ಲೇ ಕೈಯಲ್ಲಿ ತುತ್ತು ಮಾಡಿದಂತೆ ಮಾಡಿ ತೋರಿಸುತ್ತೇನೆ. ನುಂಗಲು ಕಷ್ಟವಾದರೆ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಸಣ್ಣ ಕಾಳುಗಳನ್ನು ಕಿವುಚಿದ ಬಾಳೆಹಣ್ಣಿನಲ್ಲಿಟ್ಟು ಅಗಿಯದೆ ನುಂಗಬೇಕು. ಬಿಸಿ ಸಾರಿಗೆ, ಬಿಸಿ ಮುದ್ದೆಗೆ ಸೇರಿಸಿದರೆ ಕಿಣ್ವ ಸತ್ತುಹೋಗುತ್ತದೆ. ಶೀಟಿನ ಮನೆಯ ಟಿವಿ ಮೇಲಿಟ್ಟರೂ ಅದೇ ಗತಿ. ನಮ್ಮ ಕಡೆಯ ಏಪ್ರಿಲ್ ಬಿಸಿಲನ್ನು ಕ್ಯಾಪ್ಸೂಲ್ ತಡೆಯುವುದಿಲ್ಲ. ಇಷ್ಟಾದರೂ ಫಲ ಕಾಣದಿದ್ದರೆ ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯೊಂದನ್ನು ಸೇರಿಸಿ ನೋಡುತ್ತೇನೆ, ಆಮ್ಲದಲ್ಲಿ ಲೈಪೇಸ್ ಹಾಳಾಗುವುದರಿಂದ.

ಈಗ ನನ್ನ ಮುಖ್ಯ ವಿಷಯ. ಶೇಂಗಾ ಮಿಲ್ಲೊಂದರಲ್ಲಿ ಕೆಲಸ ಮಾಡುವ ನಲವತ್ತರ ಆಸುಪಾಸಿನವರೊಬ್ಬರು ಗ್ರಂಥಿಯ ಅರ್ಧದಷ್ಟು ಸತ್ತು, ತಿಂಗಳುಗಟ್ಟಲೆ ಒದ್ದಾಡಿ ಊರಿಗೆ ಬಂದವರು. ಶುಗರ್ ಇತ್ತು, ಆದರೆ ಸಣ್ಣ ಪ್ರಮಾಣದ ಮಾತ್ರೆಯಲ್ಲೇ ಊಟದ ನಂತರ 150ರ ಒಳಗೆ ಬರುತ್ತಿತ್ತು. ಮನೆಯವರಿಗೆಲ್ಲ ಖುಷಿ. ತಕ್ಕಡಿ ಮಾತ್ರ ಪ್ರತಿ ಸಲ ಕೆಳಗಿಳಿಯುತ್ತಿತ್ತು. ಅವರ ಶುಗರ್ ಒಳ್ಳೆಯದಿದ್ದದ್ದು ಊಟ ರಕ್ತಕ್ಕೆ ಸೇರುತ್ತಲೇ ಇಲ್ಲದ್ದರಿಂದ. ಕಿಣ್ವ ಬರೆದ ದಿನವೇ ಹೇಳಿದೆ: ಇನ್ನು ಅನ್ನ ಮೈಗೆ ಹತ್ತುತ್ತದೆ, ಆಗ ಶುಗರ್ ಏರುತ್ತದೆ, ಏರಿದರೆ ಕ್ಯಾಪ್ಸೂಲ್ ಬಿಡಬೇಡಿ, ನನ್ನ ಹತ್ತಿರ ಬನ್ನಿ. ಆದರೂ ಅವರು ಬಿಟ್ಟಿದ್ದರು. “ಆ ಮಾತ್ರೆ ತಗೊಂಡ ಮೇಲೇ ಶುಗರ್ ಏರಿದ್ದು ಸಾ. ಬಿಟ್ಟೆ, ಇಳೀತು” ಎಂದು ಗ್ಲೂಕೋಮೀಟರ್ ಮುಂದಿಟ್ಟರು. ಅವರು ಕಂಡದ್ದು ನಿಜವೇ. ಕ್ಯಾಪ್ಸೂಲಿನಲ್ಲಿ ಸಕ್ಕರೆ ಇದ್ದು ಹಾಗಾದದ್ದಲ್ಲ, ಉಪವಾಸದಂತಿದ್ದ ಮೈಗೆ ಊಟ ಸಿಕ್ಕಿ ಆದದ್ದು. ನಾನು ವಾದ ಮಾಡಲಿಲ್ಲ. ಅವರದೇ ತೂಕದ ಪುಸ್ತಕ ತೆಗೆದು, ಕ್ಯಾಪ್ಸೂಲ್ ತೆಗೆದುಕೊಂಡ ತಿಂಗಳ ತೂಕ, ಬಿಟ್ಟ ತಿಂಗಳ ತೂಕ ಎರಡಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಹೆಂಡತಿ ಓದಿದರು, ಅವರು ತಲೆ ಕೆರೆದುಕೊಂಡರು. ಕಿಣ್ವ ಮತ್ತೆ ಶುರುವಾಯಿತು, ಜೊತೆಗೆ ರಾತ್ರಿಯ ಇನ್ಸುಲಿನ್ ಕೂಡ, ಕಿಲೋ ತೂಕಕ್ಕೆ 0.1 ಯೂನಿಟ್‌ನ ಲೆಕ್ಕದಿಂದ ಹಿಡಿದು ನಿಧಾನಕ್ಕೆ ಏರಿಸುತ್ತಾ. ಶುಗರ್ ಮತ್ತು ಜೀರ್ಣ ಎರಡನ್ನೂ ಒಬ್ಬರೇ ಡಾಕ್ಟರ್, ಒಂದೇ ಪುಸ್ತಕದಲ್ಲಿ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈ ಡಯಾಬಿಟಿಸ್‌ಗೆ ವೈದ್ಯರು ಟೈಪ್ 3ಸಿ ಎನ್ನುತ್ತಾರೆ. ಫೈಲಿನ ಮೇಲೆ ಮಾತ್ರ ಎಲ್ಲ ಕಡೆ ಟೈಪ್ 2 ಎಂದೇ ಬರೆದಿರುತ್ತದೆ. ಇದು ನಮ್ಮ ದೇಶದ ಅವಾಂತರ ಮಾತ್ರ ಅಲ್ಲ. ಇಂಗ್ಲೆಂಡಿನ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಹತ್ತರಲ್ಲಿ ಒಂಬತ್ತರ ಹತ್ತಿರ ಟೈಪ್ 2 ಎಂದೇ ದಾಖಲಾಗಿದ್ದವು. ಅದೇ ಅಧ್ಯಯನದಲ್ಲಿ ಐದು ವರ್ಷದೊಳಗೆ ಇನ್ಸುಲಿನ್ ಬೇಕಾದವರು ಟೈಪ್ 2ರಲ್ಲಿ ನೂರಕ್ಕೆ ಸುಮಾರು 4, ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ನಂತರದ ಡಯಾಬಿಟಿಸ್‌ನಲ್ಲಿ ಸುಮಾರು 21.

ಔಷಧದ ಆಯ್ಕೆಯಲ್ಲಿ ಇದು ಎದ್ದು ಕಾಣುತ್ತದೆ. ಸಣ್ಣ ಏರಿಕೆಗೆ, ಮೈಯಲ್ಲಿ ತೂಕ ಇದ್ದವರಿಗೆ ಮೆಟ್‌ಫಾರ್ಮಿನ್ ಕೊಡುತ್ತೇನೆ. ಅದೂ ಭೇದಿ ಮಾಡಿಸುತ್ತದೆ, ಆದ್ದರಿಂದ ಭೇದಿ ಮಾತ್ರೆಯದೋ ಕಿಣ್ವದ ಕೊರತೆಯದೋ ಎಂದು ಬಿಡಿಸಿ ನೋಡಬೇಕು. ಮಾತ್ರೆ ಒಂದು ವಾರ ನಿಲ್ಲಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಪೇಟೆಂಟ್ ಮುಗಿದ ಮೇಲೆ ವಿಲ್ಡಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ತೀರಾ ಅಗ್ಗವಾಗಿ ಎಲ್ಲರ ಚೀಟಿಯಲ್ಲೂ ಇವೆ. ಪ್ಯಾಂಕ್ರಿಯಾಟೈಟಿಸ್ ಆದವರಿಗೆ ಗ್ಲಿಪ್ಟಿನ್ ಗುಂಪಿನ ಮಾತ್ರೆ, ಈಗ ತೂಕ ಇಳಿಸಲು ಹೆಸರಾಗಿರುವ ಜಿಎಲ್‌ಪಿ-1 ಚುಚ್ಚುಮದ್ದು ಎರಡನ್ನೂ ನಾನು ಮುಟ್ಟುವುದಿಲ್ಲ. ಅವುಗಳ ಮೇಲೇ ಪ್ಯಾಂಕ್ರಿಯಾಟೈಟಿಸ್‌ನ ಎಚ್ಚರಿಕೆ ಇದೆ. ಡಾಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹರಿಸುತ್ತದೆ, ತೂಕ ಇಳಿಸುತ್ತದೆ, ಇನ್ಸುಲಿನ್ ಕಡಿಮೆ ಇರುವ ಮೈಯಲ್ಲಿ ಶುಗರ್ ಹೆಚ್ಚಿಲ್ಲದೆಯೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ತರಬಲ್ಲದು. ಒಣಗಿದ ಮನುಷ್ಯನಿಗೆ ಅದು ಬೇಡ. ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿ ಶುಗರ್ ಇಳಿಸುವ ಗ್ಲಿಮೆಪಿರೈಡ್ ಬಗ್ಗೆಯೂ ನನಗೆ ಭಯವಿದೆ, ಕಾರಣ ಮುಂದಿದೆ.

ಈ ರೋಗಿಗಳ ಶುಗರ್ ಏರಿದಷ್ಟೇ ಸಲೀಸಾಗಿ ಇಳಿದುಬಿಡುತ್ತದೆ. ಶುಗರ್ ತೀರಾ ಇಳಿದಾಗ ಅದನ್ನು ಎತ್ತುವ ಗ್ಲೂಕಗಾನ್ ಕೂಡ ಅದೇ ಗ್ರಂಥಿಯಿಂದ ಬರಬೇಕು, ಮತ್ತು ಅಲ್ಲಿ ಅದರ ಕೋಶಗಳೂ ನಷ್ಟವಾಗಿರುತ್ತವೆ. ಊಟ ಅರ್ಧಂಬರ್ಧ, ಮೇಲಿಂದ ಕುಡಿತ ಸೇರಿದರೆ ಬೆಳಗಿನ ಜಾವ ಏಳಿಸಿದರೂ ಏಳುವುದಿಲ್ಲ. ಹಾಗಾಗಿ ನನ್ನ ಗುರಿ ಕಟ್ಟುನಿಟ್ಟಲ್ಲ. ಎಚ್‌ಬಿಎ1ಸಿ 7ಕ್ಕೆ ಇಳಿಸುವ ಹಟಕ್ಕಿಂತ 7.5ರ ಆಸುಪಾಸಿನಲ್ಲಿ ಬೀಳದೆ ಇದ್ದರೆ ಸಾಕು ಎನ್ನುತ್ತೇನೆ. ರಕ್ತಹೀನತೆ ಇದ್ದರೆ ಆ ಸಂಖ್ಯೆಯನ್ನೇ ನಂಬುವಂತಿಲ್ಲ, ಬೆರಳಿನ ರಕ್ತದ ರೀಡಿಂಗೇ ಗತಿ. ಇನ್ಸುಲಿನ್ ಕೊಟ್ಟ ಪ್ರತಿಯೊಬ್ಬರ ಜೇಬಲ್ಲೂ ಸಕ್ಕರೆ ಪೊಟ್ಟಣ ಇರಬೇಕು; ಬೆಲ್ಲದ ಉಂಡೆಯಾದರೂ ಸರಿ. ಫ್ರಿಜ್ ಇಲ್ಲದ ಮನೆಯಲ್ಲಿ ಬಳಸುತ್ತಿರುವ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೀರಿನ ಮಡಕೆಯೊಳಗಿಟ್ಟ ಸಣ್ಣ ಕುಡಿಕೆಯಲ್ಲಿ ಇಡಿ ಎನ್ನುತ್ತೇನೆ. ನಮ್ಮ ಬೇಸಿಗೆಯಲ್ಲಿ ಅದೇ ಅನುಕೂಲ.

ಊಟದ ವಿಷಯಕ್ಕೆ ಬಂದರೆ, ಜಿಡ್ಡು ಪೂರ್ತಿ ಬಿಡಿ ಎಂಬ ಮಾತನ್ನು ನಾನು ಹೇಳುವುದಿಲ್ಲ. ಕಿಣ್ವ ಸರಿಯಾಗಿ ತೆಗೆದುಕೊಳ್ಳುವವರು ಒಗ್ಗರಣೆ ಎಣ್ಣೆ, ಒಂದು ಚಮಚ ತುಪ್ಪ, ಶೇಂಗಾ ಚಟ್ನಿ ತಿನ್ನಬಹುದು. ತೂಕ ಬರುವುದೇ ಅದರಿಂದ. ಟ್ರೈಗ್ಲಿಸರೈಡ್‌ನಿಂದ ಕಾಯಿಲೆ ಬಂದವರ ಲೆಕ್ಕ ಬೇರೆ, ಅವರಿಗೆ ಕೊಬ್ಬಿನ ಕಡಿತ ಕಟ್ಟುನಿಟ್ಟಾಗೇ ಇರಬೇಕು. ಮಿಕ್ಕವರಿಗೆ ದೊಡ್ಡ ಮುದ್ದೆ ಎರಡು ಹೊತ್ತಿನ ಬದಲು ಸಣ್ಣ ಮುದ್ದೆ, ನಡುನಡುವೆ ಮೊಟ್ಟೆ, ಮೊಸರು, ಕಾಳು. ‘ಶುಗರ್‌ಗೆ ರಾಗಿ ಒಳ್ಳೇದು’ ಎಂದು ಮೂರು ಹೊತ್ತೂ ರಾಗಿ ತಿನ್ನುವವರಿಗೆ ಹೇಳುವುದಿದೆ: ರಾಗಿಯಲ್ಲೂ ಪಿಷ್ಟವೇ ಹೆಚ್ಚು, ಜೊತೆಗೆ ನಾರು ಜಾಸ್ತಿ, ಕೃಶರಾದವರ ಹೊಟ್ಟೆ ತುಂಬಿಬಿಡುತ್ತದೆ, ಮೈ ತುಂಬುವುದಿಲ್ಲ. ವಿಟಮಿನ್ ಡಿ, ಬಿ12 ವರ್ಷಕ್ಕೊಮ್ಮೆ ನೋಡುತ್ತೇನೆ. ಕೊಬ್ಬಿನ ಜೊತೆ ಹೀರಿಕೆಯಾಗುವ ಎ, ಡಿ, ಇ, ಕೆ ನಾಲ್ಕೂ ಇಂಥವರಲ್ಲಿ ಕಡಿಮೆಯಾಗುತ್ತವೆ. ಎ ಕಡಿಮೆಯಾಗಿ ಸಂಜೆ ಹೊತ್ತು ಕಣ್ಣು ಮಬ್ಬು ಅನ್ನುವವರನ್ನು ‘ವಯಸ್ಸಾಯ್ತು’ ಎಂದು ಕಳಿಸಬಾರದು.

ಪಿತ್ತಕೋಶದ ಕಲ್ಲಿನಿಂದ ಬಂದ ಸಣ್ಣ ಪ್ಯಾಂಕ್ರಿಯಾಟೈಟಿಸ್ ಆದರೆ, ಅದೇ ದಾಖಲಾತಿಯಲ್ಲೇ ಪಿತ್ತಕೋಶ ತೆಗೆಸಿಕೊಂಡು ಬನ್ನಿ ಎಂದು ಒತ್ತಾಯಿಸುತ್ತೇನೆ. ನೆದರ್ಲೆಂಡ್ಸ್‌ನಲ್ಲಿ 266 ಜನರ ಮೇಲೆ ನಡೆದು 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಪ್ರಯೋಗದಲ್ಲಿ, ಮುಂದೂಡಿದವರಲ್ಲಿ ನೂರಕ್ಕೆ 17 ಜನ ಕಲ್ಲಿನ ತೊಂದರೆಗಳಿಂದ ಮತ್ತೆ ದಾಖಲಾದರು ಇಲ್ಲವೇ ತೀರಿಕೊಂಡರು; ಆಗಲೇ ತೆಗೆಸಿಕೊಂಡವರಲ್ಲಿ 5. ‘ಊರ ಜಾತ್ರೆ ಆದ ಮೇಲೆ ಮಾಡಿಸೋಣ’ ಎನ್ನುವವರಿಗೆ ಈ ಎರಡು ಸಂಖ್ಯೆ ಹೇಳುತ್ತೇನೆ. ಕುಡಿತದವರ ಕಥೆ ಉದ್ದ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು, ನನ್ನ ವಾರ್ಡಿನಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಬೀಡಿ, ಸಿಗರೇಟು ಕೂಡ ತಾವಾಗಿಯೇ ಈ ಗ್ರಂಥಿಯನ್ನು ಹಾಳು ಮಾಡುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕುಡಿತ ಬಿಟ್ಟು ಬೀಡಿ ಇಟ್ಟುಕೊಂಡವರಿಗೆ ಅರ್ಧ ಕೆಲಸ ಆಗಿದೆ ಎಂದೇ ಹೇಳುತ್ತೇನೆ.

ಬಾರದೆ ಉಳಿಯುವವರದ್ದು ದೊಡ್ಡ ತಲೆನೋವು. ಚೆನ್ನಾಗಿದ್ದೀನಿ ಅನಿಸಿದವನು ಕೂಲಿ ಬಿಟ್ಟು ಬಸ್ ಹತ್ತುವುದಿಲ್ಲ. ಸುತ್ತಲಿನ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೆ, ರೋಗಿಯ ಒಪ್ಪಿಗೆ ಪಡೆದು, ಹೆಸರು ಕೊಟ್ಟಿದ್ದೇನೆ. ಅಂಗನವಾಡಿಯಲ್ಲಿ ತಕ್ಕಡಿ ಇರುತ್ತದೆ, ತಿಂಗಳಿಗೊಮ್ಮೆ ಹತ್ತಿಸಿ ನೋಡಿ, ಎರಡು ಕಿಲೋಗಿಂತ ಹೆಚ್ಚು ಇಳಿದಿದ್ದರೆ ಮಾತ್ರ ನನಗೆ ಫೋನ್ ಮಾಡಿ ಎಂದಿದ್ದೇನೆ. ತೂಕ ಇಳಿಯದಿದ್ದರೂ ಅವರು ಮಾಡುತ್ತಾರೆ.